ಸಂಕಲ್ಪವೂ ಒಡಂಬಡಿಕೆಯೂ

ಹೊಸ ವರ್ಷ ಕಾಲಿಡುತ್ತಿರುವಂತೆಯೇ ಸಂಕಲ್ಪಗಳ ಸುಗ್ಗಿಯೂ ಮೊದಲಾಗುತ್ತದೆ. ನಸುಕಿನಲ್ಲಿಯೇ ಏಳುವೆನೆಂದು ಒಬ್ಬನು, ಕೋಪವನ್ನು ಬಿಡುವೆನೆಂದು ಇನ್ನೊಬ್ಬನು, ದಿನಚರಿಯನ್ನು ತಪ್ಪದೆ ಬರೆಯುವೆನೆಂದು ಮತ್ತೊಬ್ಬನು ಪಣ ತೊಡುತ್ತಾನೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿಯುವಷ್ಟರಲ್ಲಿ ಇವುಗಳಲ್ಲಿ ಹಲವು ಮರೆತುಹೋಗಿರುತ್ತವೆ. ಇದು ನಗೆಯ ಮಾತಾಗಿ ತೋರಿದರೂ ಇದರ ಹಿಂದೆ ಗಂಭೀರವಾದ ಪ್ರಶ್ನೆಯೊಂದಿದೆ: ಮನುಷ್ಯನು ತನ್ನನ್ನು ತಾನೇ ತಿದ್ದಿಕೊಳ್ಳಬಲ್ಲನೆ? ಕ್ರೈಸ್ತಧರ್ಮದ ಚರಿತ್ರೆಯಲ್ಲಿ ಈ ಪ್ರಶ್ನೆಯೊಡನೆ ಬಾಳೆಲ್ಲ ಹೆಣಗಿದ ಇಬ್ಬರು ಸಾಧಕರಿದ್ದಾರೆ. ಇಬ್ಬರೂ 1703ರಲ್ಲಿ ಹುಟ್ಟಿದವರು. ಒಬ್ಬನು ಅಮೆರಿಕದ ಜೊನಾಥನ್ ಎಡ್ವರ್ಡ್ಸ್. ಇನ್ನೊಬ್ಬನು ಇಂಗ್ಲೆಂಡಿನ ಜಾನ್ ವೆಸ್ಲಿ.

ಹತ್ತೊಂಬತ್ತರ ತರುಣನಾಗಿದ್ದ ಎಡ್ವರ್ಡ್ಸನು ನ್ಯೂಯಾರ್ಕಿನ ಚಿಕ್ಕ ಸಭೆಯೊಂದರಲ್ಲಿ ಉಪದೇಶಕನಾಗಿದ್ದಾಗ, 1722ರಲ್ಲಿ, ತನ್ನ ನಡೆನುಡಿಗೆ ಬೇಕಾದ ಸಂಕಲ್ಪಗಳನ್ನು ಬರೆದಿಡತೊಡಗಿದನು. 1723ರ ಆಗಸ್ಟ್ ತಿಂಗಳ ವೇಳೆಗೆ ಅವು 70 ಆಗಿದ್ದವು. ಕಾಲದ ಒಂದು ಕ್ಷಣವನ್ನೂ ಪೋಲು ಮಾಡಬಾರದು. ಇದೇ ಬಾಳಿನ ಕಡೆಯ ಗಳಿಗೆಯೆಂದು ತಿಳಿದರೆ ಯಾವುದನ್ನು ಮಾಡಲು ಅಂಜುವೆನೋ ಅದನ್ನು ಎಂದಿಗೂ ಮಾಡಬಾರದು – ಹೀಗೆ ಸಾಗುತ್ತದೆ ಆ ಪಟ್ಟಿ. ಅದನ್ನು ವಾರಕ್ಕೊಮ್ಮೆ ಓದಬೇಕೆಂಬುದು ಅವನು ವಿಧಿಸಿಕೊಂಡ ಕಟ್ಟಳೆ. ದಿನ, ವಾರ, ತಿಂಗಳು, ವರ್ಷ, ಇವುಗಳಲ್ಲಿ ಒಂದೊಂದರ ಕೊನೆಗೂ ತಾನು ಎಲ್ಲಿ ಇನ್ನೂ ಚೆನ್ನಾಗಿ ನಡೆಯಬಹುದಾಗಿತ್ತೆಂದು ಲೆಕ್ಕ ನೋಡಬೇಕು. ಅಂಗಡಿಯವನು ಖಾತೆಪುಸ್ತಕವನ್ನು ನೋಡುವಷ್ಟು ನಿಷ್ಠೆಯಿಂದ ತನ್ನ ಆತ್ಮವನ್ನು ನೋಡಿಕೊಂಡ ಈ ತರುಣನೇ 1723ರ ಜನವರಿ 2ರ ದಿನಚರಿಯಲ್ಲಿ, ಎಷ್ಟು ಸಂಕಲ್ಪ ಮಾಡಿದರೂ ದೇವರಾತ್ಮದ ಪ್ರೇರಣೆಯಿಲ್ಲದೆ ಅದೆಲ್ಲವೂ ಶೂನ್ಯವೆಂಬುದು ತನ್ನ ಅನುಭವವೆಂದು ಒಪ್ಪಿಕೊಂಡಿದ್ದಾನೆ.

ಆದರೆ ಆ ದಿನಚರಿಗೆ ಕಾಣದ ಸಂಗತಿಯೊಂದು ಮುಂದೆ ನಡೆಯಿತು. 1731ರಲ್ಲಿ, ಮಹಾ ಧರ್ಮೋಪದೇಶಕನಾಗಿ ಹೆಸರಾಗುತ್ತಿದ್ದ ಎಡ್ವರ್ಡ್ಸನು, ನ್ಯೂಪೋರ್ಟ್ ಪಟ್ಟಣದಲ್ಲಿ ಸುಮಾರು 14 ವರ್ಷದ ಆಫ್ರಿಕನ್ ಬಾಲಕಿಯೊಬ್ಬಳನ್ನು ಹಣಕೊಟ್ಟು ದಾಸಿಯಾಗಿ ಕೊಂಡನು. ಆ ಕ್ರಯಪತ್ರ ಇಂದಿಗೂ ಉಳಿದಿದೆ. ಎಪ್ಪತ್ತು ಸಂಕಲ್ಪಗಳಲ್ಲಿ ಒಂದಾದರೂ ಅವನ ಕೈಯನ್ನು ತಡೆಯಲಿಲ್ಲ. ಕ್ಷಣಕಾಲದ ಆಲಸ್ಯಕ್ಕೆ ಮರುಗುತ್ತಿದ್ದ ಆ ಮನಸ್ಸು, ಮಗುವೊಂದನ್ನು ಕೊಂಡುದಕ್ಕೆ ಮರುಗಲಿಲ್ಲ. ಮನುಷ್ಯನು ತಾನೇ ಬರೆದ ಪಟ್ಟಿಯು ತಾನೇ ಹಿಡಿದ ದೀಪದಂತೆ. ಹಿಡಿದ ಕಡೆಗೆ ಮಾತ್ರ ಬೆಳಕು.

ವೆಸ್ಲಿಯೂ ಮೊದಲಿಗೆ ಇದೇ ಹಾದಿಯಲ್ಲಿ ನಡೆದವನೇ. ಆಕ್ಸ್‌ಫರ್ಡಿನಲ್ಲಿ ಅವನೂ ಅವನ ಗೆಳೆಯರೂ ಪಾಲಿಸುತ್ತಿದ್ದ ಉಪವಾಸ, ಅಧ್ಯಯನ, ಸೆರೆಮನೆಯ ಸೇವೆಗಳ ಶಿಸ್ತನ್ನು ಕಂಡವರು ಅವರನ್ನು ‘ಮೆಥಡಿಸ್ಟರು’ ಎಂದು ಅಣಕಿಸಿದರು. ಜಾರ್ಜಿಯಾ ಪ್ರಾಂತಕ್ಕೆ ಧರ್ಮಪ್ರಚಾರಕ್ಕೆಂದು ಹೋಗಿ, 1738ರಲ್ಲಿ ಸೋತ ಮನಸ್ಸಿನಿಂದ ಹಿಂದಿರುಗಿದ ಮೇಲೆ, ನಿಯಮವೊಂದರಿಂದಲೇ ಹೃದಯ ಬದಲಾಗದೆಂಬುದು ಅವನಿಗೆ ಅರಿವಾಯಿತು. ಆದರೂ ಅವನು ಶಿಸ್ತನ್ನು ಬಿಡಲಿಲ್ಲ. ಅದನ್ನು ಹತ್ತು ಜನರ ನಡುವೆ ತಂದಿಟ್ಟನು.

ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್ಡಿನ ಕಲ್ಲಿದ್ದಲ ಗಣಿಯ ಕೂಲಿಗಳು ಹಿಂದೆ ಶನಿವಾರದ ರಾತ್ರಿಯನ್ನು ಪಾನಗೃಹಗಳಲ್ಲಿ ಕಳೆಯುತ್ತಿದ್ದರು. ವೆಸ್ಲಿಯ ಬೋಧನೆಯನ್ನು ಕೇಳಿದ ಮೇಲೆ ಅದೇ ಹೊತ್ತನ್ನು ಪ್ರಾರ್ಥನೆ, ಕೀರ್ತನೆಗಳಲ್ಲಿ ಕಳೆಯತೊಡಗಿದರು. ಇದನ್ನು ನಿಲ್ಲಿಸಬೇಕೆಂದು ಕೆಲವರು ವೆಸ್ಲಿಗೆ ಸಲಹೆಯಿತ್ತರು. ಅವನೋ ಅದನ್ನು ಮೆಚ್ಚಿ, 1742ರಲ್ಲಿ ಲಂಡನ್ನಿನಲ್ಲಿಯೂ ಆರಂಭಿಸಿದನು. ದೂರದಿಂದ ಬಂದವರಿಗೆ ನಡುರಾತ್ರಿಯ ಹಿಂದಾರಿಯಲ್ಲಿ ಬೆಳಕಿರಲೆಂದು ಹುಣ್ಣಿಮೆಗೆ ಹತ್ತಿರದ ಶುಕ್ರವಾರವನ್ನೇ ಆರಿಸುತ್ತಿದ್ದರಂತೆ! ಡಿಸೆಂಬರ್ 31ರ ರಾತ್ರಿ ಇಂದು ಎಷ್ಟೋ ಚರ್ಚುಗಳಲ್ಲಿ ನಡೆಯುವ ಜಾಗರಣೆಯ ಆರಾಧನೆಗೆ ಗಣಿಯ ಮಸಿ ಮೆತ್ತಿದ ಈ ಕೈಗಳೂ ಕಾರಣವೆಂಬುದನ್ನು ಮರೆಯಲಾಗದು.

1742ರಲ್ಲಿಯೇ ಬ್ರಿಸ್ಟಲಿನ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ತಲೆಗೆ ವಾರಕ್ಕೊಂದು ಪೆನ್ನಿಯಂತೆ ಕೂಡಿಸುವ ಏರ್ಪಾಡಾಯಿತು. ಹಣಕ್ಕಾಗಿ ಹೊರಟ ಗುಂಪಿನ ನಾಯಕನು ಪ್ರತಿಯೊಬ್ಬನ ಆತ್ಮದ ಕ್ಷೇಮವನ್ನೂ ವಿಚಾರಿಸತೊಡಗಿದನು. ಮುಂದೆ 1755ರ ಆಗಸ್ಟ್ 11ರಂದು, ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ಚರ್ಚಿನಲ್ಲಿ, ಪ್ಯೂರಿಟನ್ ಪಂಥದ ಗ್ರಂಥವೊಂದರಲ್ಲಿದ್ದ ಒಡಂಬಡಿಕೆಯನ್ನು ವೆಸ್ಲಿ ಓದಿ ಹೇಳಲು, ಸುಮಾರು 1,800 ಜನ ಒಟ್ಟಿಗೆ ಎದ್ದುನಿಂತು ಒಪ್ಪಿಗೆಯಿತ್ತರು. ಬರಬರುತ್ತ ಈ ಆರಾಧನೆಯು ಹೊಸ ವರ್ಷದ ಪದ್ಧತಿಯಾಗಿ ನೆಲೆಗೊಂಡಿತು.

ಒಡಂಬಡಿಕೆಗೂ ಸಂಕಲ್ಪಕ್ಕೂ ಇರುವ ಅಂತರ ಸೂಕ್ಷ್ಮವಾದುದು. ಇಂಥದನ್ನು ಸಾಧಿಸುವೆನೆಂದು ಸಂಕಲ್ಪವು ನುಡಿಯುತ್ತದೆ. ದೇವರು ಕೆಲಸ ಕೊಟ್ಟರೂ ಸರಿ, ಕೆಲಸದಿಂದ ಬಿಡಿಸಿ ಮೂಲೆಯಲ್ಲಿ ಕೂರಿಸಿದರೂ ಸರಿ, ಮಾನ ಬಂದರೂ ಅವಮಾನ ಬಂದರೂ ನಾನು ಅವನವನೇ ಎಂದು ಒಡಂಬಡಿಕೆಯು ನುಡಿಯುತ್ತದೆ. ಯುಗಾದಿಯಂದು ಬೇವುಬೆಲ್ಲವನ್ನು ಒಟ್ಟಿಗೆ ಸವಿಯುವ ನಮಗೆ ಈ ಭಾವ ಅಪರಿಚಿತವಲ್ಲ. ಹಾಸಿಗೆ ಹಿಡಿದವನೂ, ವೃತ್ತಿಯನ್ನು ಕಳೆದುಕೊಂಡವನೂ ಈ ಮಾತನ್ನು ಆಡಬಲ್ಲರು. ಸಂಕಲ್ಪವು ಒಮ್ಮೆ ಮುರಿದರೆ ಮುಗಿಯಿತು. ಒಡಂಬಡಿಕೆಯನ್ನು ವರ್ಷವರ್ಷವೂ ನವೀಕರಿಸುವ ಪದ್ಧತಿಯಲ್ಲಿಯೇ, ಮನುಷ್ಯನು ಎಡವುತ್ತಾನೆಂಬ ಅರಿವಿದೆ.

ವೆಸ್ಲಿಯ ಅನುಯಾಯಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಗೂ ಬಂದರು. ಅವರು ಕಟ್ಟಿದ ಸಭೆಗಳು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡವು. ಹೊಸ ವರ್ಷದ ವೇಳೆ ಕನ್ನಡ ಸಭೆಗಳಲ್ಲಿಯೂ ಒಡಂಬಡಿಕೆಯ ಆರಾಧನೆ ನಡೆಯುವುದುಂಟು.

ಹಾಗೆಂದು ಕೂಡಿ ಕುಳಿತೊಡನೆ ಕಣ್ಣು ತೆರೆಯುತ್ತದೆಂದು ನಂಬುವಂತಿಲ್ಲ. ಎಡ್ವರ್ಡ್ಸನ ಕಾಲದ ಬೇರೆ ಪಾದ್ರಿಗಳೂ ದಾಸರನ್ನಿಟ್ಟುಕೊಂಡಿದ್ದರು. ಸಮಾನರು ಸಮಾನರ ದೋಷವನ್ನು ಕಾಣರು. ವೆಸ್ಲಿಯಾದರೋ 1774ರಲ್ಲಿ ದಾಸ್ಯವನ್ನು ಖಂಡಿಸಿ ಪುಸ್ತಕ ಬರೆದನು. 1791ರಲ್ಲಿ, ಸಾವಿಗೆ ಕೆಲವೇ ದಿನಗಳ ಮುನ್ನ, ದಾಸವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸನಿಗೆ ಧೈರ್ಯ ಹೇಳಿ ಪತ್ರ ಬರೆದನು. ಅವನ ಬಾಳಿನ ಬಹುಭಾಗ ಕೂಲಿಗಳ, ಬಡವರ, ಸೆರೆಯಾಳುಗಳ ನಡುವೆ ಕಳೆದಿತ್ತೆಂಬುದು ಇಲ್ಲಿ ನೆನೆಯತಕ್ಕ ಮಾತು.

ಆದುದರಿಂದ ಹೊಸ ವರ್ಷದ ಪಟ್ಟಿಯನ್ನು ಬರೆಯಲು ಕುಳಿತ ಓದುಗರು, ಯಾವ ಧರ್ಮದವರೇ ಆಗಿರಲಿ, ಲೇಖನಿಯನ್ನು ಹಿಡಿಯುವ ಮೊದಲು ತಮ್ಮ ಕೈಕೆಳಗಿನವರೊಬ್ಬರನ್ನು ಕೇಳಿ ನೋಡಬಹುದು. ಮನೆಗೆಲಸದವಳು, ಕಚೇರಿಯ ಜವಾನ, ತರಗತಿಯ ಹಿಂದಿನ ಬೆಂಚಿನ ಹುಡುಗ, ಯಾರಾದರೂ ಸರಿ. ಕಳೆದ ವರ್ಷ ನನ್ನಿಂದ ನಿನಗೆ ಯಾವಾಗ ನೋವಾಯಿತು ಎಂಬ ಪ್ರಶ್ನೆಗೆ ಅವರು ನಿರ್ಭಯವಾಗಿ ಕೊಡುವ ಉತ್ತರವೇ ಪಟ್ಟಿಯ ಮೊದಲನೆಯ ಸಾಲಾಗಲಿ.