ಕಾಂತದ ಬಲ ಮತ್ತು ಸುರುಳಿಯ ವೆಚ್ಚ

ಕಬ್ಬಿಣದ ಮೊಳೆಗೆ ತಾಮ್ರದ ತಂತಿಯನ್ನು ಸುತ್ತಿ, ಶುಷ್ಕಕೋಶಕ್ಕೆ ಜೋಡಿಸಿ, ಗುಂಡುಸೂಜಿಗಳನ್ನು ಎತ್ತಿ ತೋರಿಸುವ ಪ್ರಯೋಗ ಎಲ್ಲ ಶಾಲೆಗಳಿಗೂ ಪರಿಚಿತವಾದುದು. ಸೂಜಿಗಳನ್ನು ಎಣಿಸುವುದರೊಂದಿಗೆ ಪಾಠವು ಸಾಮಾನ್ಯವಾಗಿ ಮುಗಿದುಬಿಡುತ್ತದೆ. ಆದರೆ ಹೆಚ್ಚು ಬೆಲೆಯುಳ್ಳ ಪ್ರಶ್ನೆಗಳು ಹುಟ್ಟುವುದು ಆ ಬಳಿಕವೇ: ಸೂಜಿಗಳನ್ನು ಹಿಡಿದು ನಿಲ್ಲಿಸಲು ಕೋಶವು ಎಷ್ಟು ವೆಚ್ಚ ಮಾಡುತ್ತಿದೆ? ಆ ವೆಚ್ಚ ಎಲ್ಲಿಗೆ ಹೋಗುತ್ತಿದೆ?

ಒಬ್ಬ ಹವ್ಯಾಸಿಯ ಅಳತೆ

ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಹುಟ್ಟಿದ ಜೇಮ್ಸ್ ಪ್ರೆಸ್ಕಾಟ್ ಜೂಲ್ (1818–1889) ಅವರ ಮನೆತನದ ಉದ್ಯಮ ಬಿಯರ್ ತಯಾರಿಕೆ. ವಿಜ್ಞಾನ ಅವರ ಹವ್ಯಾಸ. ವಿದ್ಯುತ್ಕಾಂತಗಳಿಂದ ತಿರುಗುವ ಯಂತ್ರವೊಂದನ್ನು ರೂಪಿಸಿ 1838ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಇಂತಹ ಯಂತ್ರ ಮುಂದೆ ಉಗಿಯಂತ್ರದ ಸ್ಥಾನವನ್ನು ಪಡೆಯಬಹುದೆಂಬ ನಿರೀಕ್ಷೆ ಅವರಿಗಿತ್ತು. ಆದರೆ ಅವರು ಲೆಕ್ಕವನ್ನೂ ಇಟ್ಟರು. ವಿದ್ಯುತ್ಕೋಶದಲ್ಲಿ ಒಂದು ಪೌಂಡ್ ಸತುವು ಸವೆದಾಗ ದೊರೆತ ಕೆಲಸ, ಉತ್ತಮ ಉಗಿಯಂತ್ರದಲ್ಲಿ ಒಂದು ಪೌಂಡ್ ಕಲ್ಲಿದ್ದಲಿನಿಂದ ದೊರೆಯುವ ಕೆಲಸಕ್ಕಿಂತ ಬಹಳ ಕಡಿಮೆಯಾಗಿತ್ತು. ಸತುವಿನ ಬೆಲೆಯಂತೂ ಕಲ್ಲಿದ್ದಲಿಗಿಂತ ಬಹಳ ಹೆಚ್ಚು. ಜೂಲ್ ಆಸೆಯನ್ನು ಬಿಟ್ಟರು, ಅಳತೆಯನ್ನು ಬಿಡಲಿಲ್ಲ. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು 1841ರಲ್ಲಿ ಪ್ರಕಟಿಸಿದರು. ಶಕ್ತಿಯ ಏಕಮಾನಕ್ಕೆ ಇಂದು ಅವರದೇ ಹೆಸರು.

ಮೂರು ಪದಗಳ ಸ್ಪಷ್ಟತೆ

ಅಳತೆಗೆ ಮೊದಲು ಪದಗಳು ತಿಳಿಯಾಗಬೇಕು. ಆಡುಮಾತಿನಲ್ಲಿ ಕಾಂತಕ್ಕೂ ಕೋಶಕ್ಕೂ ‘ಶಕ್ತಿ’ ಇದೆ ಎನ್ನುತ್ತೇವೆ. ವಿಜ್ಞಾನದ ಕನ್ನಡದಲ್ಲಿ ಎಳೆತವು ‘ಬಲ’, ಜೂಲ್‌ಗಳಲ್ಲಿ ಅಳೆಯುವುದು ‘ಶಕ್ತಿ’, ಒಂದು ಸೆಕೆಂಡಿಗೆ ವ್ಯಯವಾಗುವ ಶಕ್ತಿ ‘ಸಾಮರ್ಥ್ಯ’. ಇದರ ಏಕಮಾನ ವ್ಯಾಟ್. ತೆಲುಗಿನಲ್ಲಿಯೂ ಇವೇ ಮೂರು ಪದಗಳು ಇವೇ ಅರ್ಥದಲ್ಲಿ ಬಳಕೆಯಲ್ಲಿವೆ. ಮರಾಠಿಯಲ್ಲಿ ಹಾಗಲ್ಲ. ಅಲ್ಲಿ ಜೂಲ್‌ನಲ್ಲಿ ಅಳೆಯುವುದು ‘ಊರ್ಜಾ’. ‘ಶಕ್ತಿ’ ಎಂದರೆ ವ್ಯಾಟ್‌ನಲ್ಲಿ ಅಳೆಯುವುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ವಿದ್ಯಾರ್ಥಿ ಎರಡೂ ಭಾಷೆಗಳಲ್ಲಿ ವಿಜ್ಞಾನದ ಮಾತನ್ನು ಕೇಳುವವನು. ಅವನು ಶಕ್ತಿಯ ಉತ್ತರವನ್ನು ವ್ಯಾಟ್‌ನಲ್ಲಿ ಬರೆದರೆ ಅದು ಅಜ್ಞಾನವಲ್ಲ, ಎರಡು ಪರಿಭಾಷೆಗಳ ಘರ್ಷಣೆ. ಅಂಕ ಕಳೆಯುವ ಮೊದಲು ಶಿಕ್ಷಕರು ಇದನ್ನು ವಿಚಾರಿಸಿ ತಿಳಿಯಬೇಕು.

ತರಗತಿಯಲ್ಲಿ ಅಳತೆ

ಆರು ಮಿಲಿಮೀಟರ್ ದಪ್ಪದ ಕಬ್ಬಿಣದ ಬೋಲ್ಟ್ ಮತ್ತು ಮೋಟಾರ್ ವೈಂಡಿಂಗ್‌ಗೆ ಬಳಸುವ, ಅವಾಹಕ ಲೇಪವಿರುವ 0.3 ಮಿಲಿಮೀಟರ್ ತಾಮ್ರದ ತಂತಿ ಸಾಕು. ತಂತಿಯ ಎರಡು ತುದಿಗಳ ಲೇಪವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯದಿದ್ದರೆ ಪ್ರವಾಹ ಹರಿಯುವುದಿಲ್ಲ. ಇಂತಹ 10 ಮೀಟರ್ ತಂತಿಯ ರೋಧ ಸುಮಾರು 2.4 ಓಮ್. ಅಮ್ಮೀಟರನ್ನು ಸುರುಳಿಯೊಂದಿಗೆ ಸರಣಿಯಲ್ಲಿಯೂ ವೋಲ್ಟ್ ಮೀಟರನ್ನು ಸುರುಳಿಯ ಎರಡು ತುದಿಗಳಿಗೂ ಜೋಡಿಸಿ, ಎರಡನ್ನೂ ಒಂದೇ ಹೊತ್ತಿನಲ್ಲಿ ಓದಬೇಕು.

ಉದಾಹರಣೆಗೆ, ಪ್ರವಾಹ 0.5 ಆಂಪಿಯರ್, ವಿಭವಾಂತರ 1.2 ವೋಲ್ಟ್ ಎಂದು ಭಾವಿಸೋಣ. ಸುರುಳಿಯಲ್ಲಿ ವ್ಯಯವಾಗುವ ಸಾಮರ್ಥ್ಯ 1.2 × 0.5 = 0.6 ವ್ಯಾಟ್. ಕೋಶದ ಮೇಲೆ ಮುದ್ರಿಸಿದ 1.5 ವೋಲ್ಟನ್ನೇ ನಂಬಿ ಗುಣಿಸಿದರೆ 0.75 ವ್ಯಾಟ್ ಬರುತ್ತದೆ. ಉಳಿದ 0.15 ವ್ಯಾಟ್ ಸುರುಳಿಯನ್ನು ತಲುಪುವುದೇ ಇಲ್ಲ. ಬಹುಪಾಲು ಕೋಶದ ಒಳರೋಧದಲ್ಲಿಯೇ ಉಷ್ಣವಾಗುತ್ತದೆ. ಮುದ್ರಿತ ಸಂಖ್ಯೆಯನ್ನಲ್ಲ, ಅಳೆದ ಸಂಖ್ಯೆಯನ್ನು ನಂಬುವ ಅಭ್ಯಾಸ ಇಲ್ಲಿಂದ ಆರಂಭವಾಗಬೇಕು.

0.6 ವ್ಯಾಟ್ ಎಂದರೆ ನಿಮಿಷಕ್ಕೆ 36 ಜೂಲ್. ಒಂದು ಲೀಟರ್ ನೀರನ್ನು ಬಾವಿಯಿಂದ ಮೂರೂವರೆ ಮೀಟರಿಗಿಂತ ತುಸು ಹೆಚ್ಚು ಮೇಲೆತ್ತಲು ಇಷ್ಟು ಶಕ್ತಿ ಬೇಕು. ಆದರೆ ಅಲುಗಾಡದೆ ಅಂಟಿಕೊಂಡಿರುವ ಸೂಜಿಗಳ ಮೇಲೆ ಕಾಂತವು ಯಾವ ಕೆಲಸವನ್ನೂ ಮಾಡುತ್ತಿಲ್ಲ, ಏಕೆಂದರೆ ಸ್ಥಾನಪಲ್ಲಟವೇ ಇಲ್ಲ. ಶಾಶ್ವತ ಕಾಂತವು ಅವೇ ಸೂಜಿಗಳನ್ನು ಯಾವ ಕೋಶವೂ ಇಲ್ಲದೆ ಹಿಡಿದಿರುತ್ತದೆ. ಹಾಗಾದರೆ 36 ಜೂಲ್ ಎಲ್ಲಿ ಹೋಯಿತು? ಸುರುಳಿಯನ್ನು ಮೆಲ್ಲನೆ ಮುಟ್ಟಿದರೆ ಉತ್ತರ ಬೆರಳಿಗೇ ತಿಳಿಯುತ್ತದೆ: ಅಷ್ಟೂ ಉಷ್ಣವಾಗಿದೆ.

ಸುತ್ತು ಹೆಚ್ಚಿದರೆ ವೆಚ್ಚ ಹೆಚ್ಚುವುದೇ?

ಹೆಚ್ಚು ಸುತ್ತುಗಳಿದ್ದರೆ ಕೋಶ ಬೇಗ ಬರಿದಾಗುತ್ತದೆ ಎಂದು ಮಕ್ಕಳು ಊಹಿಸುತ್ತಾರೆ. 20 ಮೀಟರ್ ತಂತಿ ಸುತ್ತಿ ನೋಡಲಿ. ರೋಧ 4.8 ಓಮ್ ಆಗುತ್ತದೆ. ಮೇಲಿನ ಲೆಕ್ಕದ ಕೋಶವೇ ಆದರೆ ಪ್ರವಾಹ ಸುಮಾರು 0.28 ಆಂಪಿಯರಿಗೆ, ಸಾಮರ್ಥ್ಯ ಸುಮಾರು 0.37 ವ್ಯಾಟಿಗೆ ಇಳಿಯುತ್ತದೆ. ಕಾಂತದ ಬಲವನ್ನು ನಿರ್ಧರಿಸುವುದು ಪ್ರವಾಹ ಮತ್ತು ಸುತ್ತುಗಳ ಗುಣಲಬ್ಧ. ಸುತ್ತುಗಳು ಹೆಚ್ಚುಕಡಿಮೆ ಇಮ್ಮಡಿಯಾದವು, ಪ್ರವಾಹ ಹೆಚ್ಚುಕಡಿಮೆ ಅರ್ಧವಾಯಿತು. ಆದ್ದರಿಂದ ಎತ್ತುವ ಸೂಜಿಗಳ ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸವಿರದು. ವೆಚ್ಚ ಮಾತ್ರ ಇಳಿಯಿತು. ಬಲ ಮತ್ತು ಸಾಮರ್ಥ್ಯ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ದೊರೆಯುವುದು ಕಷ್ಟ.

ಎಚ್ಚರಿಕೆಗಳು

ಸುರುಳಿಯನ್ನು ಗೋಡೆಯ ವಿದ್ಯುತ್ ಸಂಪರ್ಕಕ್ಕೆ ಎಂದಿಗೂ ಜೋಡಿಸಕೂಡದು. ಅಮ್ಮೀಟರನ್ನು ನೇರವಾಗಿ ಕೋಶದ ತುದಿಗಳಿಗೆ ಇಡಬಾರದು. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಪ್ರವಾಹ ಹರಿಸದಿರುವುದು ಲೇಸು. ಉಷ್ಣವನ್ನು ತೋರಿಸುವಾಗ ಮಾತ್ರ ಒಂದು ನಿಮಿಷ ಹರಿಸಬಹುದು. ಸಂಪರ್ಕ ತಪ್ಪಿಸುವಾಗ ಬಿಡಿ ತುದಿಗಳನ್ನು ಬರಿಗೈಯಿಂದ ಹಿಡಿಯಬಾರದು. ಹೆಚ್ಚು ಸುತ್ತುಗಳ ಸುರುಳಿ ಆ ಕ್ಷಣದಲ್ಲಿ ಕಿಡಿ ಹಾರಿಸಬಲ್ಲದು, ಕೈ ಜುಮ್ಮೆನ್ನಿಸಬಲ್ಲದು.

ಶಾಲೆಯಲ್ಲಿ ಒಂದೇ ಮಲ್ಟಿಮೀಟರ್ ಇದ್ದರೆ ಎರಡು ಅಳತೆಗಳನ್ನು ಒಂದಾದ ಮೇಲೊಂದು ತೆಗೆದುಕೊಳ್ಳಬಹುದು. ಮೀಟರಿಗೂ ಸ್ವಲ್ಪ ರೋಧವಿರುವುದರಿಂದ ಉತ್ತರದಲ್ಲಿ ಸಣ್ಣ ದೋಷ ಉಳಿಯುತ್ತದೆ. ಅದನ್ನು ಮರೆಮಾಚದೆ ಫಲಿತಾಂಶದ ಪಕ್ಕದಲ್ಲಿಯೇ ಬರೆಯಿಸಬೇಕು. ಜೂಲ್ ತಮ್ಮ ನಿರೀಕ್ಷೆಗೆ ವಿರುದ್ಧವಾದ ಲೆಕ್ಕವನ್ನು ಒಪ್ಪಿಕೊಂಡುದರಿಂದಲೇ ಮುಂದಿನ ದಾರಿ ತೆರೆಯಿತು. ವಿದ್ಯಾರ್ಥಿಯೂ ತನ್ನ ಅಳತೆಯನ್ನು ಇದ್ದಂತೆಯೇ ಬರೆಯಲು ಕಲಿತರೆ ಈ ಪಾಠ ಸಾರ್ಥಕ.