ಅಬ್ಲೇಶನ್ ಆದ ಮೇಲೂ ಎದೆ ಯಾಕೆ ಹೊಡೆದುಕೊಳ್ಳುತ್ತದೆ?

"ದಿಲ್ ಘಬ್ರಾರಾ ಬೇಟಾ" ಎಂದು ನಾನಿ ಎದೆ ಹಿಡಿದು ಕೂತಾಗ ಅವರಿಗೆ ಅಬ್ಲೇಶನ್ ಆಗಿ ಮೂರೇ ವಾರ. ಅಷ್ಟು ದುಡ್ಡು ನೀರಿಗೆ ಹೋಯಿತು ಎಂದರು ಮಾಮು. ವಾಸಿಯಾಗದ ಮೇಲೆ ಮಾತ್ರೆ ಯಾಕೆ ಎಂದು ನಾನಿ ಡಬ್ಬಿಯನ್ನೇ ಪಕ್ಕಕ್ಕೆ ಸರಿಸಿದರು. ನಾನು ಕಾಮರ್ಸ್ ವಿದ್ಯಾರ್ಥಿ. ಹೃದಯಕ್ಕೆ ನಾಲ್ಕು ಕೋಣೆ ಎಂಬುದಷ್ಟೇ ನೆನಪಿತ್ತು. ಆದರೆ ಡಾಕ್ಟರು ಕನ್ನಡದಲ್ಲಿ ಹೇಳಿದ್ದನ್ನು ನಾನಿಗೆ ಉರ್ದುವಿನಲ್ಲಿ ತಿಳಿಸುವ ಕೆಲಸ ನನ್ನದೇ ಆದ್ದರಿಂದ ಓದಲೇಬೇಕಾಯಿತು.

ನಾನಿಗಿರುವುದು ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಬರೀ ನಡುಗುತ್ತವೆ, ನಾಡಿ ತಾಳ ತಪ್ಪುತ್ತದೆ. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಾಗೇರ್ ಮತ್ತು ಸಂಗಡಿಗರು 45 ರೋಗಿಗಳನ್ನು ಪರೀಕ್ಷಿಸಿದರು. ಗಲಾಟೆ ಎಬ್ಬಿಸುವ ಕಿಡಿಗಳಲ್ಲಿ ಶೇ. 94ರಷ್ಟು ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳ ಒಳಗಿಂದಲೇ ಹೊರಡುತ್ತವೆ ಎಂದು ತೋರಿಸಿದರು. ಹಾಗಾಗಿ ತೊಡೆಯ ಸಂದಿನ ರಕ್ತನಾಳದಿಂದ ತೆಳು ಕೊಳವೆ ಏರಿಸಿ, ಆ ನಾಳಗಳ ಬಾಯಿಯ ಸುತ್ತ ಗಾಯದ ಉಂಗುರ ಮಾಡುತ್ತಾರೆ. ಗಾಯ ಮಾಗಿದ ಕಲೆಯಲ್ಲಿ ವಿದ್ಯುತ್ ಹಾಯುವುದಿಲ್ಲ.

ಬಿಸಿಯಿಂದ ಚುಕ್ಕೆ ಚುಕ್ಕೆಯಾಗಿ ಸುಡುವುದು ಹಳೆಯ ದಾರಿ. ಚುಕ್ಕೆಗಳ ನಡುವೆ ಸಂದು ಉಳಿದರೆ ಕಿಡಿ ಮತ್ತೆ ಹೊರಬರುತ್ತದೆ. ಹೊಲಿಗೆ ಬಿಟ್ಟ ಕಡೆ ಅಕ್ಕಿ ಸೋರುವ ಚೀಲದ ಹಾಗೆ ಎಂದೆ. ನಾನಿಗೆ ತಟ್ಟನೆ ಅರ್ಥವಾಯಿತು. ಬಲೂನ್ ಒತ್ತಿ ತಣ್ಣಗೆ ಹೆಪ್ಪುಗಟ್ಟಿಸುವುದು ಇನ್ನೊಂದು. ಬಲೂನ್ ಸರಿಯಾಗಿ ಕೂರದ ಕಡೆ ಅಲ್ಲೂ ಸಂದು ಉಳಿಯಬಹುದು. 2016ರಲ್ಲಿ 762 ರೋಗಿಗಳಲ್ಲಿ ಎರಡನ್ನೂ ಹೋಲಿಸಿದಾಗ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಈಚೆಗೆ ಬಂದಿರುವುದು ವಿದ್ಯುತ್ ಮಿಡಿತಗಳಿಂದ ಜೀವಕೋಶದ ಪೊರೆಯಲ್ಲಿ ರಂಧ್ರ ಮಾಡುವ ವಿಧಾನ.

ನನಗೆ ಅಚ್ಚರಿಯಾದದ್ದು ಬೇರೆ. ಉಂಗುರ ಸಾಲದೆಂದು ಕೆಲವರಿಗೆ ಕೋಣೆಯ ಗೋಡೆಯಲ್ಲಿ ಉದ್ದ ಗೆರೆಗಳನ್ನೂ ಸುಡುತ್ತಾರೆ. ಆ ಗೆರೆಯಲ್ಲಿ ಸಣ್ಣ ಸಂದು ಉಳಿದರೂ ವಿದ್ಯುತ್ ಕಲೆಯ ಸುತ್ತ ಗಾಣದೆತ್ತಿನಂತೆ ತಿರುಗತೊಡಗುತ್ತದೆ. ಇದು ಫ್ಲಟರ್, ಮೊದಲು ಇಲ್ಲದ ಹೊಸ ತೊಂದರೆ. ಇದರಲ್ಲಿ ನಾಡಿ ಹಲವು ಸಲ ತಾಳ ತಪ್ಪದೆಯೇ ಜೋರಾಗಿ ಓಡುತ್ತದೆ. 2015ರಲ್ಲಿ ಪ್ರಕಟವಾದ, 589 ರೋಗಿಗಳ ಅಧ್ಯಯನದಲ್ಲಿ 18 ತಿಂಗಳ ನಂತರ ಬರೀ ಉಂಗುರ ಮಾಡಿಸಿಕೊಂಡವರಲ್ಲಿ ಶೇ. 59 ಮಂದಿಗೆ ಫಿಬ್ರಿಲೇಶನ್ ಮರುಕಳಿಸಿರಲಿಲ್ಲ. ಗೆರೆಗಳನ್ನೂ ಸೇರಿಸಿದವರಲ್ಲಿ ಶೇ. 46. ಲೆಕ್ಕದ ಪ್ರಕಾರ ಈ ವ್ಯತ್ಯಾಸ ದೊಡ್ಡದಲ್ಲವಂತೆ, ಆದರೆ ಹೆಚ್ಚು ಸುಟ್ಟು ಲಾಭವಂತೂ ಆಗಲಿಲ್ಲ.

ಇನ್ನು ನಾನಿಯ ಮೂರನೇ ವಾರ. ಹೊಸ ಗಾಯ ಊದಿಕೊಂಡಿರುವಾಗ ಹೃದಯ ಕೆರಳುತ್ತದೆ. ಆದ್ದರಿಂದ ಮೊದಲು ಮೂರು ತಿಂಗಳು, 2024ರಿಂದ ಎಂಟು ವಾರ, ಈ ಬಡಿತಗಳನ್ನು ಸೋಲೆಂದು ಬರೆಯುವುದಿಲ್ಲ. ಮಾಮು ವರ್ಷ ಮುಗಿಯುವ ಮೊದಲೇ ಲಾಭ-ನಷ್ಟದ ಖಾತೆ ಮುಚ್ಚಿದ್ದರು! ಹಾಗೆಂದು ಪೂರ್ತಿ ನಿಶ್ಚಿಂತೆಯೂ ಇಲ್ಲ. ಆಗ ಬಡಿತ ತಪ್ಪಿದವರಿಗೆ ಮುಂದೆಯೂ ತಪ್ಪುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ತಲೆಸುತ್ತಿ ಬಿದ್ದರೆ, ಮಾತು ತೊದಲಿದರೆ, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಡಬ್ಬಿಯ ವಿಷಯಕ್ಕೆ ಡಾಕ್ಟರು ಗಟ್ಟಿಯಾಗಿಯೇ ಹೇಳಿದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಮೊದಲ ಎರಡು ತಿಂಗಳು ಯಾರೂ ಬಿಡುವಂತಿಲ್ಲ. ಆಮೇಲೂ ಅದು ನಿಲ್ಲುವುದೋ ಇಲ್ಲವೋ ಎಂಬುದು ವಯಸ್ಸು, ಬಿಪಿ, ಶುಗರ್ ನೋಡಿ ನಿರ್ಧಾರವಾಗುತ್ತದೆ. ಎದೆ ಹೊಡೆದುಕೊಳ್ಳುವುದು ನಿಂತಿತೆಂದಲ್ಲ. ನಾನಿಗೆ ಮೂರೂ ಇವೆ.

ಈಗ ಐದನೇ ತಿಂಗಳು. ಫಜರ್ ನಮಾಜಿನ ನಂತರ ನಾನಿ ಕೈ ಚಾಚುತ್ತಾರೆ. ನಾನು ಗಡಿಯಾರ ನೋಡಿ ಒಂದು ನಿಮಿಷ ನಾಡಿ ಎಣಿಸಿ, ಹಳೆಯ ಅಕೌಂಟೆನ್ಸಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯುತ್ತೇನೆ. ಕಳೆದ ವಾರ ಎರಡು ದಿನ ತಾಳ ತಪ್ಪಿತ್ತು. ಅದನ್ನೂ ಬರೆದಿದ್ದೇನೆ, ಮುಂದಿನ ಭೇಟಿಗೆ ನೋಟ್‌ಬುಕ್ಕೂ ನಮ್ಮ ಜೊತೆ ಬರುತ್ತದೆ.