ಮುಯ್ಯಾಳಿಗಿದ್ದ ನ್ಯಾಯ ಇಂಟರ್ನ್‌ಗೇಕಿಲ್ಲ?

ಮದುವೆ, ನಾಮಕರಣ, ಗೃಹಪ್ರವೇಶ, ಕಾಲೇಜಿನ ವಾರ್ಷಿಕೋತ್ಸವ, ಕಂಪನಿಯ ಸಭೆ- ಇವೆಲ್ಲವೂ ಈಗ ‘ಇವೆಂಟ್’ ಎಂಬ ಒಂದೇ ಹೆಸರಿನಡಿ ಬಂದಿವೆ. ಮನೆಯ ಹಿರಿಯರು, ಓಣಿಯ ಜನ ಸೇರಿ ನಡೆಸುತ್ತಿದ್ದ ಕಾರ್ಯಗಳನ್ನು ಗುತ್ತಿಗೆ ಹಿಡಿದು ನಡೆಸಿಕೊಡುವ ಸಂಸ್ಥೆಗಳು ಇಂದು ಬೆಂಗಳೂರಿನಲ್ಲಷ್ಟೇ ಅಲ್ಲ, ಹುಬ್ಬಳ್ಳಿ-ಧಾರವಾಡದಂತಹ ನಗರಗಳಲ್ಲೂ ಇವೆ. 2019ರ ಜನವರಿಯಲ್ಲಿ ಧಾರವಾಡದಲ್ಲಿ 84ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ, 2023ರ ಜನವರಿಯಲ್ಲಿ ಅವಳಿ ನಗರದಲ್ಲಿ ರಾಷ್ಟ್ರೀಯ ಯುವಜನೋತ್ಸವ ನಡೆದವು. ದೊಡ್ಡ ಸಮಾರಂಭಗಳನ್ನು ಹತ್ತಿರದಿಂದ ಕಂಡ ಇಲ್ಲಿನ ಯುವಜನರಿಗೆ ಈ ಉದ್ಯಮ ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಖಾಸಗಿ ಸಂಸ್ಥೆಗಳು ನಡೆಸಿಕೊಡುವ ಮದುವೆ, ಆರತಕ್ಷತೆಗಳಲ್ಲಿ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಓಡಾಡುವ ಹುಡುಗ ಹುಡುಗಿಯರಲ್ಲಿ ಒಂದು ರೂಪಾಯಿ ಸಂಬಳವಿಲ್ಲದೆ ದುಡಿಯುವವರೂ ಇರುತ್ತಾರೆ ಎಂಬುದು ಊಟಕ್ಕೆ ಕುಳಿತವರಿಗೆ ತಿಳಿಯುವುದಿಲ್ಲ. ಅವರನ್ನು ಇಂಟರ್ನ್ ಎಂದು ಕರೆಯುತ್ತಾರೆ.

ಕಲಘಟಗಿ ತಾಲ್ಲೂಕಿನ ದುಮ್ಮವಾಡದವಳಾದ ನಾನು ಪದವಿಯ ಕೊನೆಯ ವರ್ಷದಲ್ಲಿ ಹುಬ್ಬಳ್ಳಿಯ ಇಂತಹ ಒಂದು ಸಂಸ್ಥೆಯಲ್ಲಿ 3 ತಿಂಗಳು ಇಂಟರ್ನ್ ಆಗಿದ್ದೆ. ಕಲಿತದ್ದು ಕಡಿಮೆಯೇನಲ್ಲ. ಶಾಮಿಯಾನದವರು, ಹೂವಿನವರು, ಸೌಂಡ್ ಸಿಸ್ಟಂನವರು, ಜನರೇಟರಿನವರು, ಅಡುಗೆ ಗುತ್ತಿಗೆದಾರರು- ಇವರಲ್ಲಿ ಯಾರು ಯಾವ ಗಳಿಗೆಯಲ್ಲಿ ಮಂಟಪಕ್ಕೆ ಬರಬೇಕೆಂಬುದನ್ನು ನಿಮಿಷದ ಲೆಕ್ಕದಲ್ಲಿ ಪಟ್ಟಿ ಮಾಡುವುದು, ಮುಂಗಡ ಕೊಟ್ಟದ್ದನ್ನೂ ಬಾಕಿ ಉಳಿದದ್ದನ್ನೂ ಬರೆದಿಡುವುದು, ಎಲೆ ಎಣಿಸಿ ಊಟದ ಬಿಲ್ಲು ತಾಳೆ ನೋಡುವುದು, ರಾತ್ರಿ 10ರ ನಂತರ ಧ್ವನಿವರ್ಧಕ ಬಳಸಬಾರದೆಂಬ ನಿಯಮವನ್ನು ವರನ ಗೆಳೆಯರಿಗೆ ನಯವಾಗಿ ತಿಳಿಹೇಳುವುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ವಿದ್ಯೆ. ಮೊದಲ ಎರಡು ವಾರ ಹಿರಿಯರೊಬ್ಬರು ಜತೆಗಿದ್ದು ಇದನ್ನೆಲ್ಲ ಹೇಳಿಕೊಟ್ಟರು. ಮೂರನೆಯ ವಾರದಿಂದ ನಾನೊಬ್ಬಳೇ ನಿಭಾಯಿಸಬೇಕಾಯಿತು. ಅಂದರೆ ಸಂಬಳದ ನೌಕರರೊಬ್ಬರು ಮಾಡಬೇಕಿದ್ದ ಕೆಲಸ ನನ್ನ ಪಾಲಿಗೆ ಬಂತು, ಸಂಬಳ ಮಾತ್ರ ಬರಲಿಲ್ಲ.

ವಿಪರ್ಯಾಸ ಕಾಣುತ್ತಿದ್ದುದು ಕಾರ್ಯಕ್ರಮ ಮುಗಿದ ಮೇಲೆ. ಕುರ್ಚಿ ಜೋಡಿಸಿದ ಹುಡುಗನಿಗೆ, ಪಾತ್ರೆ ತೊಳೆದ ಹೆಂಗಸಿಗೆ ಅಂದಂದಿನ ಕೂಲಿ ಅಂದೇ ಸಲ್ಲುತ್ತಿತ್ತು. ಸಲ್ಲಬೇಕಾದದ್ದೇ. ಆ ಕೂಲಿಯ ಲೆಕ್ಕವನ್ನು ಬರೆದು ಹಂಚುತ್ತಿದ್ದ ನನಗೆ ಸಿಗುತ್ತಿದ್ದುದು ಒಂದು ಊಟ, ಕೊನೆಗೊಂದು ಪ್ರಮಾಣಪತ್ರ. ‘ಪಗಾರ ಎಷ್ಟ್ ಕೊಡ್ತಾರವಾ?’ ಎಂದು ಅವ್ವ ಕೇಳಿದಾಗಲೆಲ್ಲ ಇಂಟರ್ನ್‌ಶಿಪ್ ಎಂದರೇನೆಂದು ಬಿಡಿಸಿ ಹೇಳುವುದೇ ಒಂದು ಕಷ್ಟದ ಕೆಲಸವಾಗಿತ್ತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಊರಿನಿಂದ ಹುಬ್ಬಳ್ಳಿಗೆ ಬಸ್ಸಿನ ಖರ್ಚೇನೂ ಇರಲಿಲ್ಲ. ಆದರೆ ಆರತಕ್ಷತೆ ಮುಗಿದು ಮಂಟಪ ಖಾಲಿಯಾಗುವ ನಡುರಾತ್ರಿಯಲ್ಲಿ ನಮ್ಮೂರಿಗೆ ಬಸ್ಸೇ ಇರುವುದಿಲ್ಲ. ಹಾಗಾಗಿ ತಿಂಗಳಿಗೆ 4,500 ರೂಪಾಯಿ ಕೊಟ್ಟು ಪೇಯಿಂಗ್ ಗೆಸ್ಟ್ ಕೊಠಡಿ ಹಿಡಿದೆ. ಮೂರು ತಿಂಗಳಿಗೆ 13,500 ರೂಪಾಯಿ. ಗೋವಿನಜೋಳ ಮಾರಿ ಬಂದ ಹಣದಲ್ಲಿ ಅಪ್ಪ ಅದನ್ನು ಕೊಟ್ಟರು. ದುಡಿದವಳು ನಾನು, ದುಡಿಮೆಗೆ ಹಣ ಸುರಿದವರು ದುಮ್ಮವಾಡದ ಒಬ್ಬ ರೈತ!

ಈ ಮಾತನ್ನು ಎತ್ತಿದಾಗ ಕೇಳಿಬರುವ ಒಂದು ಸಮರ್ಥನೆಯಿದೆ. ಹಳ್ಳಿಯಲ್ಲಿ ಮದುವೆಯ ಹಂದರ ಹಾಕಲು, ಬಡಿಸಲು ಯಾರಾದರೂ ಕೂಲಿ ಕೇಳುತ್ತಾರೆಯೇ ಎಂಬುದು ಅದು. ಕೇಳುವುದಿಲ್ಲ, ನಿಜ. ಆದರೆ ಅದು ಬಿಟ್ಟಿ ದುಡಿಮೆಯಲ್ಲ. ಹೊಲದ ಕೆಲಸಕ್ಕೆ ‘ಮುಯ್ಯಾಳು’ ಎಂಬ ಪದ್ಧತಿಯಿದೆ. ಇಂದು ನಾನು ನಿಮ್ಮ ಹೊಲಕ್ಕೆ ಬಂದರೆ ನಾಳೆ ನೀವು ನನ್ನ ಹೊಲಕ್ಕೆ ಬರಬೇಕು. ಮದುವೆಯಲ್ಲಿ ಕೊಡುವ ಮುಯ್ಯಿಯನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡು ತೀರಿಸುತ್ತಾರೆ. ಅಲ್ಲಿ ಹಣವಿಲ್ಲದಿದ್ದರೂ ಋಣವಿದೆ, ಋಣಕ್ಕೆ ಲೆಕ್ಕವಿದೆ. ಹಳ್ಳಿಯ ಈ ವ್ಯವಸ್ಥೆ ನಿರ್ದೋಷಿ ಎಂದು ಹೇಳಲಾರೆ. ರಾತ್ರಿಯಿಡೀ ಉಳ್ಳಾಗಡ್ಡಿ ಹೆಚ್ಚುವ ಹೆಂಗಸರ ದುಡಿಮೆ ಯಾವ ಪುಸ್ತಕಕ್ಕೂ ಏರುವುದಿಲ್ಲ. ಯಾರು ಬಡಿಸಬೇಕು, ಯಾರು ಬಡಿಸಬಾರದು ಎಂಬುದನ್ನು ಜಾತಿ ನಿರ್ಧರಿಸಿದ ಕಾಲವೂ ಇತ್ತು. ಆದರೂ ಕೊಟ್ಟದ್ದನ್ನು ಹಿಂದಿರುಗಿಸಬೇಕೆಂಬ ಕನಿಷ್ಠ ನ್ಯಾಯ ಅಲ್ಲಿತ್ತು. ಗ್ರಾಹಕರಿಂದ ಹಣ ಪಡೆದು ವ್ಯಾಪಾರ ನಡೆಸುವ ಸಂಸ್ಥೆ ವಿದ್ಯಾರ್ಥಿಯ ಋಣವನ್ನು ತೀರಿಸುವುದು ಹೇಗೆ?

ಕಾನೂನು ಇಲ್ಲವೆಂದಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಇದೆ. 2019ರಲ್ಲಿ ತಿದ್ದುಪಡಿಯಾದ ಅದರ ನಿಯಮಗಳು ಪದವೀಧರ ಅಪ್ರೆಂಟಿಸ್‌ಗಳಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಭತ್ಯೆ ಗೊತ್ತುಪಡಿಸಿದವು. 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯವಾಯಿತು, 4ರಿಂದ 29 ಸಿಬ್ಬಂದಿ ಇರುವಲ್ಲಿ ಐಚ್ಛಿಕವಾಯಿತು. ನಾನು ದುಡಿದಂತಹ ಸಂಸ್ಥೆಗಳಲ್ಲಿ ಕಾಯಂ ಸಿಬ್ಬಂದಿ ಬೆರಳೆಣಿಕೆಯಷ್ಟು. ಉಳಿದವರೆಲ್ಲ ಆಯಾ ದಿನಕ್ಕೆ ಬರುವವರು. ಆದ್ದರಿಂದ ಕಡ್ಡಾಯದ ಅಂಕುಶ ಇವುಗಳಿಗೆ ತಾಗುವುದಿಲ್ಲ. ಅಪ್ರೆಂಟಿಸ್ ಎಂದು ನೋಂದಾಯಿಸಿದರೆ ಒಪ್ಪಂದ, ಭತ್ಯೆ, ರಜೆ ಎಲ್ಲವನ್ನೂ ಕೊಡಬೇಕು. ಇಂಟರ್ನ್ ಎಂದು ಕರೆದರೆ ಒಂದು ಪ್ರಮಾಣಪತ್ರ ಸಾಕು! ಹೆಸರು ಬದಲಾದರೆ ಹೊಣೆಯೂ ಮಾಯವಾಗುವ ಚಮತ್ಕಾರವಿದು.

ಅಮೆರಿಕದಲ್ಲಿ ‘ಬ್ಲ್ಯಾಕ್ ಸ್ವಾನ್’ ಚಲನಚಿತ್ರಕ್ಕಾಗಿ ಸಂಬಳವಿಲ್ಲದೆ ದುಡಿದ ಇಂಟರ್ನ್‌ಗಳು 2011ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದರು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಪ್ರಕರಣದಲ್ಲಿ ಒಂದು ಒರೆಗಲ್ಲನ್ನು ಮುಂದಿಟ್ಟಿತು: ಈ ಸಂಬಂಧದಿಂದ ಮುಖ್ಯವಾಗಿ ಲಾಭ ಯಾರಿಗೆ, ವಿದ್ಯಾರ್ಥಿಗೋ ಸಂಸ್ಥೆಗೋ? ಇಂಟರ್ನ್‌ಗಳಿಗೆ ಪೂರ್ಣ ಜಯ ತಂದುಕೊಟ್ಟ ತೀರ್ಪಲ್ಲ ಅದು; ಆದರೆ ಪ್ರಶ್ನೆ ಸರಿಯಾದದ್ದು. ಸ್ನಾತಕ ವಿದ್ಯಾರ್ಥಿಗಳ ಇಂಟರ್ನ್‌ಶಿಪ್‌ಗೆ ಯುಜಿಸಿ ಸೂಚಿಸಿರುವ ಅವಧಿ 60ರಿಂದ 120 ಗಂಟೆ. ಸಿದ್ಧತೆಯ ದಿನವೂ ಸೇರಿ ಒಂದು ಮದುವೆಗೆ 3 ದಿನ, ದಿನಕ್ಕೆ 14 ಗಂಟೆ ಎಂದು ಹಿಡಿದರೆ ಮೂರೇ ಮದುವೆಗಳಲ್ಲಿ 126 ಗಂಟೆ ಮುಗಿಯುತ್ತದೆ. ಅಲ್ಲಿಂದಾಚೆ ಹಂಗಾಮು ಪೂರ್ತಿ ನಡೆಯುವುದು ಕಲಿಕೆಯೋ, ಚಾಕರಿಯೋ?

ಸಮಾರಂಭಗಳ ಹಿಂದಿನ ದುಡಿಮೆಯ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ ಕೂಡ ಮಾತನಾಡಿದೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ದುಡಿಯುತ್ತಿದ್ದ ಕಾರ್ಮಿಕರ ಪ್ರಕರಣದಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಅದು ಹೇಳಿತು. ಹಸಿವು, ಬಡತನಗಳ ಒತ್ತಡವೂ ಬಲವಂತವೇ ಎಂಬುದು ಅದರ ತಿರುಳು. ಕಲ್ಲು ಹೊತ್ತ ಆ ಕಾರ್ಮಿಕರೊಂದಿಗೆ ಕಾಲೇಜು ವಿದ್ಯಾರ್ಥಿಯನ್ನು ಸಮೀಕರಿಸುವುದು ತಪ್ಪಾದೀತು. ಆದರೆ ಇಂಟರ್ನ್‌ಶಿಪ್ ಮಾಡದಿದ್ದರೆ ಅಂಕಪಟ್ಟಿ ಪೂರ್ಣವಾಗದು ಎಂಬ ಸ್ಥಿತಿಯಲ್ಲಿ ‘ಇಷ್ಟವಿದ್ದರೆ ಬನ್ನಿ’ ಎಂಬ ಮಾತಿಗೆ ಎಷ್ಟು ಅರ್ಥವಿದೆ?

ಸಣ್ಣ ಸಂಸ್ಥೆಗಳ ಕಷ್ಟವೂ ಸುಳ್ಳಲ್ಲ. ಮುಹೂರ್ತಗಳಿದ್ದರೆ ವ್ಯಾಪಾರ, ಇಲ್ಲದಿದ್ದರೆ ಖಾಲಿ. ಬಾಕಿ ಹಣಕ್ಕಾಗಿ ತಿಂಗಳುಗಟ್ಟಲೆ ಅಲೆಯಬೇಕು. ಕಲಿಸಿದ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಒಪ್ಪೋಣ. ಆದರೆ ರಾತ್ರಿ ಕಳೆದರೆ ಕಸವಾಗುವ ವೇದಿಕೆಯ ಹೂವಿಗೆ ಅಂದಾಜು ಪಟ್ಟಿಯಲ್ಲಿ ಒಂದು ಸಾಲು ಇರುತ್ತದೆ. ಆ ಹೂವು ಕಟ್ಟಿಸುವವಳನ್ನು ಮನೆ ಮುಟ್ಟಿಸುವ ವಾಹನಕ್ಕೆ ಸಾಲು ಇರುವುದಿಲ್ಲ. ಇದು ಹಣದ ಕೊರತೆಗಿಂತ ಹೆಚ್ಚಾಗಿ ಲೆಕ್ಕಕ್ಕೆ ಯಾರು ಬರುತ್ತಾರೆ ಎಂಬ ಪ್ರಶ್ನೆ.

ಈ ಉದ್ಯಮಕ್ಕೆ ಯಾರು ಕಾಲಿಡಬಲ್ಲರು ಎಂಬುದೂ ಇಲ್ಲಿಯೇ ತೀರ್ಮಾನವಾಗುತ್ತದೆ. ನಗರದಲ್ಲಿ ಸ್ವಂತ ಮನೆ, ಕೈಯಲ್ಲಿ ಸ್ಕೂಟರ್ ಇರುವವರಿಗೆ ಸಂಬಳವಿಲ್ಲದ 3 ತಿಂಗಳು ಒಂದು ಅನುಭವ. ನವಲಗುಂದ, ಕುಂದಗೋಳ, ಕಲಘಟಗಿಗಳ ಹಳ್ಳಿಯವರಿಗೆ ಅದೊಂದು ಸಾಲ. ನನ್ನ ಜತೆ ಹೆಸರು ಕೊಟ್ಟಿದ್ದ ಹಳ್ಳಿಯ ಗೆಳತಿಯೊಬ್ಬಳು ಕೊಠಡಿ ಬಾಡಿಗೆ ಕೇಳಿದೊಡನೆ ಹಿಂದೆ ಸರಿದಳು. ಅವಳಿಗೆ ಪ್ರತಿಭೆಯ ಕೊರತೆ ಇರಲಿಲ್ಲ.

ಪರಿಹಾರದ ಮೊದಲ ಹೆಜ್ಜೆ ಇಡಬೇಕಾದದ್ದು ಕಾಲೇಜುಗಳು. ಕೆಲಸದ ಗಂಟೆ, ಕಲಿಸುವ ವಿಷಯ, ಭತ್ಯೆ ಮತ್ತು ರಾತ್ರಿಯ ವಾಹನದ ಬಗ್ಗೆ ಲಿಖಿತ ಒಪ್ಪಂದವಿಲ್ಲದ ಸಂಸ್ಥೆಗೆ ವಿದ್ಯಾರ್ಥಿಗಳನ್ನು ಕಳುಹಿಸಬಾರದು. ವರದಿಗೆ ಸಹಿ ಹಾಕುವ ಅಧ್ಯಾಪಕರು ಒಮ್ಮೆಯಾದರೂ ಮಂಟಪಕ್ಕೆ ಬಂದು ನೋಡಬೇಕು. ಪದವೀಧರ ಅಪ್ರೆಂಟಿಸ್‌ಗಳಿಗೆ ಗೊತ್ತುಪಡಿಸಿದ ಕನಿಷ್ಠ ಭತ್ಯೆಯ ಅರ್ಧ ಭಾಗವನ್ನು ಭರಿಸುವ ಕೇಂದ್ರದ ಯೋಜನೆಯಿದೆ. ಸಣ್ಣ ಇವೆಂಟ್ ಸಂಸ್ಥೆಗಳನ್ನು ಅದರಡಿ ತರಲು ಜಿಲ್ಲಾ ಮಟ್ಟದಲ್ಲಿ ಪ್ರಯತ್ನ ನಡೆಯಬೇಕು. ಇವೆಂಟ್ ಮಾಡಿಸುವ ನಮಗೂ ಒಂದು ಹೊಣೆಯಿದೆ. ಊಟದ ಎಲೆಗೆಷ್ಟು, ಹೂವಿಗೆಷ್ಟು ಎಂದು ಚೌಕಾಸಿ ಮಾಡುವಾಗ, ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುವ ಆ ಹುಡುಗಿಗೆ ಎಷ್ಟು ಎಂದೂ ಒಮ್ಮೆ ಕೇಳಿದರೆ ಸಾಕು.